ಗ್ರಾಮ ಲೆಕ್ಕಿಗರ ಲೇಖನಿ ಮತ್ತು ನಮ್ಮ ಹೊಣೆ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಹಿರಿಯರ ಹೊಲವಿದೆ. ಆ ಹೊಲದ ಲೆಕ್ಕ ಬರೆಯುವವರ ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಒಂದು ಕಾಲಕ್ಕೆ ಕುಲಕರ್ಣಿಯ ದಫ್ತರವೇ ಹಳ್ಳಿಯ ಪಾಲಿಗೆ ಸರಕಾರವಾಗಿತ್ತು. ಯಾರ ಹೊಲ ಎಷ್ಟು, ಯಾರ ಕಂದಾಯ ಬಾಕಿ ಎಂಬುದನ್ನು ಅವರೇ ಬರೆಯುತ್ತಿದ್ದರು. ಆ ಅಧಿಕಾರ ವತನವಾಗಿ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಅಂದು ಧಾರವಾಡ ಜಿಲ್ಲೆ ಸೇರಿದ್ದ ಮುಂಬಯಿ ರಾಜ್ಯವು ಕುಲಕರ್ಣಿ ವತನವನ್ನು ರದ್ದುಪಡಿಸುವ ಕಾನೂನನ್ನು 1950ರಲ್ಲಿ ತಂದಿತು. ಏಕೀಕರಣದ ತರುವಾಯ 1961ರ ಕಾಯ್ದೆಯು ಇಡೀ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಕೊನೆಗೊಳಿಸಿತು. 1964ರ ಭೂಕಂದಾಯ ಕಾಯ್ದೆಯಂತೆ ಗ್ರಾಮ ಲೆಕ್ಕಿಗರನ್ನು ನೇಮಿಸುವವರು ಜಿಲ್ಲಾಧಿಕಾರಿಗಳು.

ಇಂದು ಈ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಹಿಂದೆ ಪಿಯುಸಿ ಅಂಕಗಳ ಆಧಾರದಲ್ಲಿ ಆಯ್ಕೆ ನಡೆಯುತ್ತಿತ್ತು. 2024ರಲ್ಲಿ 1000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ವಂಶದ ಸೊತ್ತಾಗಿದ್ದ ಸ್ಥಾನ ಓದಿದವರ ಪಾಲಾಯಿತು. ನಮ್ಮ ಮಕ್ಕಳು ಈ ಪರೀಕ್ಷೆಗೆ ಸಿದ್ಧರಾಗುತ್ತಿದ್ದಾರೆಯೇ?

ಎರಡನೆಯ ಮಾತು ಇದಕ್ಕಿಂತ ಕಹಿಯಾದುದು. 'ಭೂಮಿ' ಯೋಜನೆಯಿಂದ ಪಹಣಿ ಗಣಕಯಂತ್ರವನ್ನು ಸೇರಿ ಎರಡು ದಶಕಗಳು ಕಳೆದಿವೆ. ಆದರೆ ತಂದೆ ತೀರಿಕೊಂಡಾಗ ಪೌತಿ ಖಾತೆಗೆ ವಂಶವೃಕ್ಷ ಬೇಕು. ಅದರ ವಿಚಾರಣೆಗೆ ಬರುವ ಅಧಿಕಾರಿಗೆ ವಾರಸುದಾರರ ಹೆಸರು ಹೇಳುವವರು ನಾವೇ. ಗಂಡುಮಕ್ಕಳ ಹೆಸರನ್ನು ಹೇಳಿ, "ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕೊಟ್ಟಾಗಿದೆ" ಎಂದು ಮಾತು ಮುಗಿಸುವ ಮನೆಗಳು ನಮ್ಮಲ್ಲಿಲ್ಲವೇ? ಕುರ್‌ಆನ್ ನಿಗದಿಪಡಿಸಿದ ಪಾಲನ್ನು ಮದುವೆಯ ಖರ್ಚಿನಲ್ಲಿ ಮುರಿದುಕೊಳ್ಳಲು ನಮಗೆ ಅಧಿಕಾರ ಕೊಟ್ಟವರು ಯಾರು? ಪಹಣಿಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ, ಕಾನೂನು ಸರಿಯೆಂದೇ ಭಾವಿಸುತ್ತದೆ. ಅಂದು ಬಿಟ್ಟುಹೋದ ಹೆಸರನ್ನು ಸೇರಿಸಲು ತಂಗಿ ಮುಂದೆ ಅಣ್ಣನ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.

ಖಾತೆ ಬದಲಾವಣೆಗೆ ಮುನ್ನ ನೋಟೀಸು ಹೊರಡಿಸಲಾಗುತ್ತದೆ. ನಿಗದಿತ ಅವಧಿಯೊಳಗೆ ತಕರಾರು ಸಲ್ಲಿಸುವ ಹಕ್ಕಿದೆ. ಸಹೋದರಿಯರು ಇದನ್ನು ತಿಳಿದಿರಲಿ. ಸಹೋದರರು ಅವರನ್ನು ಆ ಸ್ಥಿತಿಗೆ ತಳ್ಳದಿರಲಿ.

ಅಧಿಕಾರಿಯ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಅವರ ಮುಂದೆ ಸತ್ಯ ನುಡಿಯುವುದು ನಮ್ಮ ಕರ್ತವ್ಯ. ವಂಶವೃಕ್ಷದಲ್ಲಿ ತಾಯಿ, ಅಕ್ಕ, ತಂಗಿ ಎಲ್ಲರ ಹೆಸರೂ ಇರಲಿ.