ಹಟ್ಟಿಯಿಂದ ಗುಜರಿ ಅಂಗಡಿಗೆ

ಪದವೀಧರರೇ,

ಫೋನುಗಳನ್ನು ಸದ್ದು ಮಾಡದಂತೆ ಇಡಿ ಎಂದು ಈಗಷ್ಟೇ ನಿರೂಪಕರು ಹೇಳಿದರು. ಆ ಫೋನು ಕೆಟ್ಟು ಮೂಲೆ ಸೇರಿದ ಮೇಲಿನ ಕಥೆ ನನ್ನದು.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಯಾಯಿತೆಂದು ದಾಖಲೆಯಿರುವುದು ಕಾಲು ಭಾಗಕ್ಕಿಂತ ಕಡಿಮೆ. 2001ರಲ್ಲಿ ಕೋಲಾರದ ಕೆಜಿಎಫ್ ಚಿನ್ನದ ಗಣಿ ಮುಚ್ಚುವ ಹೊತ್ತಿಗೆ ಟನ್ ಅದಿರಿಗೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಫೋನುಗಳಲ್ಲಿ ನೂರಾರು ಗ್ರಾಂ ಇದೆ. ಗುಜರಿಯವರಿಗೆ ಇದು ನಮಗಿಂತ ಮೊದಲೇ ಗೊತ್ತು. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಫೋನು, ಕಂಪ್ಯೂಟರುಗಳ ಸರ್ಕಿಟ್ ಬೋರ್ಡು ಸುಟ್ಟು, ಆಮ್ಲದಲ್ಲಿ ತೊಳೆದು ಲೋಹ ತೆಗೆದರು. ಬೂದಿ ರಾಮಗಂಗೆಯ ದಡ ಸೇರಿತು.

ಇನ್ನೊಂದು ದಾರಿಯೂ ಇದೆ. ಅಮೆರಿಕದ ಕಲ್ಲಿದ್ದಲು ಗಣಿಗಳ ಹುಳಿನೀರಿನಲ್ಲಿ ಕಬ್ಬಿಣವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾವನ್ನು 1947ರಲ್ಲಿ ವಿಜ್ಞಾನಿಗಳಾದ ಕಾಲ್ಮರ್ ಮತ್ತು ಹಿಂಕಲ್ ವರದಿ ಮಾಡಿದರು. ಈಗ ಅದರ ಹೆಸರು ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡುವುದರಲ್ಲಿ ಅದರ ಹೊಟ್ಟೆಪಾಡು. ಆ ಫೆರಿಕ್ ಬೋರ್ಡಿನ ತಾಮ್ರವನ್ನು ಕರಗಿಸಿ ತಾನು ಮತ್ತೆ ಫೆರಸ್ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಮತ್ತೆ ಊಟ. ಕುಲುಮೆಯ ಮಾತೇ ಇಲ್ಲ. ನಮ್ಮ ಕಡೆಗೂ ಇದು ಹೊಸತಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಹಟ್ಟಿ ಚಿನ್ನದ ಗಣಿಯ ಜೊತೆ ಸೇರಿ, ಸಲ್ಫೈಡಿನೊಳಗೆ ಸಿಕ್ಕಿಕೊಂಡ ಚಿನ್ನ ಬಿಡಿಸಲು ಇಂಥ ಜೀವಿಗಳನ್ನೇ ದುಡಿಸಿದರು.

ಆದರೆ ಬೋರ್ಡು ಅದಿರಲ್ಲ. ಅದರಲ್ಲಿ ಈ ಜೀವಿ ತಿಂದು ಬದುಕುವಂಥ ಸಲ್ಫೈಡ್ ಇಲ್ಲ; ಪುಡಿ ಹಾಕಿದೊಡನೆ ಆಮ್ಲವನ್ನು ಹೀರಿ ದ್ರಾವಣವನ್ನು ಕ್ಷಾರದತ್ತ ಎಳೆಯುತ್ತದೆ; ಕರಗಿದ ಲೋಹ ಬ್ಯಾಕ್ಟೀರಿಯಾಕ್ಕೇ ವಿಷ. ಹಾಗಾಗಿ ಮೊದಲು ಜೀವಿಯನ್ನು ಬೇರೆ ಬೆಳೆಸಿ, ಆಮೇಲೆ ಪುಡಿ ಬೆರೆಸುತ್ತಾರೆ. ಚಿನ್ನದ ತಗಾದೆ ಇನ್ನೂ ದೊಡ್ಡದು. ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಎಂಬ ನೇರಳೆ ಬಣ್ಣದ ಜೀವಿ ತಾನೇ ಸಯನೈಡ್ ತಯಾರಿಸಿ ಚಿನ್ನ ಕರಗಿಸುತ್ತದೆ. ಸಯನೈಡ್ ಅನಿಲವಾಗಿ ಹಾರದೆ ನೀರಿನಲ್ಲೇ ಉಳಿಯಲು ಪಿಎಚ್ ಹತ್ತರ ಆಸುಪಾಸು ಬೇಕು. ಜೀವಿಗೆ ಹಿತವಾದದ್ದು ಏಳರ ಆಸುಪಾಸು. ಇವರಿಬ್ಬರ ನಡುವೆ ರಾಜಿ ಮಾಡಿಸುವುದರಲ್ಲೇ ಎಷ್ಟೋ ಪಿಎಚ್‌ಡಿಗಳು ಮುಗಿದಿವೆ! ಸಾಲದ್ದಕ್ಕೆ ತಾಮ್ರ ಉಳಿದಿದ್ದರೆ ಸಯನೈಡನ್ನು ಅದೇ ಮೊದಲು ಕಬಳಿಸುತ್ತದೆ.

‘ಚಿನ್ನ ತಿನ್ನುವ ಬ್ಯಾಕ್ಟೀರಿಯಾ’ ಎಂಬ ಪತ್ರಿಕಾ ಶೀರ್ಷಿಕೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಜೀವಿ ಚಿನ್ನವನ್ನು ತಿನ್ನುವುದಿಲ್ಲ, ಕರಗಿಸುತ್ತದೆ; ಅದೂ ರಾಸಾಯನಿಕ ಗಂಟೆಗಳಲ್ಲಿ ಮುಗಿಸುವುದಕ್ಕೆ ಅದಕ್ಕೆ ದಿನಗಳು ಬೇಕು. ನ್ಯೂಜಿಲೆಂಡಿನ ಮಿಂಟ್ ಇನ್ನೊವೇಷನ್ ಎಂಬ ಕಂಪನಿ ಕರಗಿಸುವ ಕೆಲಸವನ್ನು ರಾಸಾಯನಿಕಕ್ಕೆ ಬಿಟ್ಟು, ದ್ರಾವಣದಿಂದ ಚಿನ್ನ ಹಿಡಿಯುವುದನ್ನು ಮಾತ್ರ ಸೂಕ್ಷ್ಮಜೀವಿಗೆ ವಹಿಸಿದೆ. ಅದು ಜಾಣತನ.

ನನ್ನ ತಕರಾರು ಬ್ಯಾಕ್ಟೀರಿಯಾದ ಟ್ಯಾಂಕಿಗಿಂತ ಹಿಂದಿನ ಹಂತದ್ದು. ಚಿನ್ನ ಇರುವುದು ರ‍್ಯಾಮ್ ಕಾರ್ಡಿನ ಅಂಚಿನಲ್ಲಿ, ಕನೆಕ್ಟರುಗಳಲ್ಲಿ, ಚಿಪ್ಪಿನ ತಂತಿಗಳಲ್ಲಿ. ಎಲ್ಲವನ್ನೂ ಒಟ್ಟಿಗೆ ಅರೆದರೆ ಅದು ಗಾಜುನಾರು, ಪ್ಲಾಸ್ಟಿಕ್ಕಿನ ರಾಶಿಯಲ್ಲಿ ಚದುರಿಹೋಗುತ್ತದೆ. ಬೆಂಗಳೂರಿನ ನಾಯಂಡಹಳ್ಳಿಯ ಗುಜರಿ ಅಂಗಡಿಯ ಹುಡುಗ ಆ ಅಂಚನ್ನು ಕಣ್ಣಳತೆಯಲ್ಲೇ ಕತ್ತರಿಸಿ ಬೇರೆ ಇಡುತ್ತಾನೆ. ಆ ವಿಂಗಡಣೆಯ ಪಾಠ ನಿಮ್ಮ ಪಠ್ಯಕ್ರಮದಲ್ಲಿ ಎಷ್ಟಿದೆ ಎಂದು ನೀವೇ ನೋಡಿ. ಈ ಕ್ಷೇತ್ರಕ್ಕೆ ಬರುವವರು ಫ್ಲಾಸ್ಕ್ ಹಿಡಿಯುವ ಮೊದಲು ಅಂಥ ಅಂಗಡಿಯಲ್ಲಿ ಕೆಲವು ತಿಂಗಳು ಕೂರಿ. ಅಲ್ಲಿನ ಹುಡುಗನ ಹೊತ್ತಿಗೆ ಕೂಲಿ ಕೊಡಿ, ಪ್ರಬಂಧದಲ್ಲಿ ಅವನ ಹೆಸರನ್ನೂ ಹಾಕಿ.