ಹೆಸರಿಗೊಂದು ಖಾನೆ



ದಾಖಲಾತಿ ಪುಸ್ತಕದಲ್ಲಿ ನಮ್ಮಲ್ಲಿ ಅನೇಕರಿಗೆ ಊರಿನ, ತಂದೆಯ ಇನಿಷಿಯಲ್ ಇತ್ತು, ಸರ್‌ನೇಮ್ ಇರಲಿಲ್ಲ. ಸಂಸ್ಥೆಗಳು ಸಿಬ್ಬಂದಿಯ ಖಾತೆಗಳನ್ನಿಡುವ ಎಲ್‌ಡ್ಯಾಪ್ ಎಂಬ ಕಂಪ್ಯೂಟರ್ ದಾಖಲಾತಿಯ ರೂಢಿಯ ನಮೂನೆಯಲ್ಲಿ ಸರ್‌ನೇಮ್ ಕಡ್ಡಾಯ. ಅಲ್ಲಿ ‘ಕೆ’ ಎಂದು ತುಂಬಿದರೆ ಕೋಣಂದೂರು ಒಂದಕ್ಷರದ ಮನೆತನವಾಗುತ್ತದೆ!

ಇದಕ್ಕೆ ದಾರಿಯಿದೆ. ಆ ಖಾತೆಗಳನ್ನು ಬ್ರೌಸರಿನಲ್ಲೇ ನೋಡಿಕೊಳ್ಳುವ ‘ಎಲ್‌ಡ್ಯಾಪ್ ಅಕೌಂಟ್ ಮ್ಯಾನೇಜರ್’ ಎಂಬ ತಂತ್ರಾಂಶಕ್ಕೆ ಪಿಎಚ್‌ಪಿ ಭಾಷೆಯಲ್ಲಿ ನಾವೇ ಮಾಡ್ಯೂಲ್ ಬರೆದು ಸೇರಿಸಬಹುದು. ಇನಿಷಿಯಲ್ಲಿಗೆ ನಮೂನೆಯಲ್ಲೇ ಬೇರೆ ಖಾನೆಯಿದೆ. ಮಾಡ್ಯೂಲ್ ಅದನ್ನು ಕೇಳಿ ತುಂಬಿಸಿ, ಸರ್‌ನೇಮ್ ಜಾಗಕ್ಕೆ ಸ್ವಂತ ಹೆಸರನ್ನೇ ಹಾಕುತ್ತದೆ. ಯುಟಿಎಫ್-8 ಇರುವುದರಿಂದ ಹೆಸರನ್ನು ಕನ್ನಡದಲ್ಲೂ ಬರೆಯಬಹುದು.

ಮಕ್ಕಳೇ, ಇದಕ್ಕೆ ಬೇಕಾದದ್ದು ಗಣಿತದ ಲೆಕ್ಕ ಬಿಡಿಸುವಷ್ಟು ತಾಳ್ಮೆ. ಕಲಿಯಿರಿ, ನಿಮ್ಮ ಹೆಸರು, ಊರು ಎಲ್ಲಿ ಕೂರಬೇಕೆಂದು ನೀವೇ ಬರೆಯಿರಿ.