ರಜೆಯ ಚೀಲದಲ್ಲಿ ಒಂದು ಚಿತ್ರಪುಸ್ತಕ, ಒಂದು ಕೋಲು

(ಶತಮಾನೋತ್ಸವದ ಅಂಗವಾಗಿ ಶಾಲಾ ವಠಾರದಲ್ಲಿ ಜರಗಿದ ಹೆತ್ತವರ ಮತ್ತು ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷಗಳ ಹಿರಿಮೆಯನ್ನು ಈ ವೇದಿಕೆಯಿಂದ ಹಲವರು ಈಗಾಗಲೇ ಕೊಂಡಾಡಿದ್ದಾರೆ. ನಾವು ಮುಂದಿನ ಎರಡು ತಿಂಗಳ ವಿಚಾರವನ್ನಷ್ಟೇ ಮಾತನಾಡಬಯಸುತ್ತೇವೆ. ಮಾರ್ಚ್ ಮುಗಿಯುತ್ತಲೇ ಶಾಲೆಯ ಬಾಗಿಲು ಮುಚ್ಚುತ್ತದೆ. ಜೂನ್ ತಿಂಗಳ ಮಳೆಯೊಂದಿಗೆ ಮತ್ತೆ ತೆರೆಯುತ್ತದೆ. ಮುಂದಿನ ವರ್ಷದ ತರಗತಿಗಳಲ್ಲಿ ಎಷ್ಟು ಮಕ್ಕಳಿರುತ್ತಾರೆ ಎಂಬುದು ನಿರ್ಧಾರವಾಗುವುದು ಈ ನಡುವಿನ ದಿನಗಳಲ್ಲಿಯೇ. ವರ್ಗಾವಣೆ ಪತ್ರ ಕೇಳಲು ಬರುವ ಹೆತ್ತವರು ಹೇಳುವ ಕಾರಣ ಬಹುತೇಕ ಒಂದೇ: "ಟೀಚರೇ, ಕನ್ನಡದ ಮೇಲೆ ನಮಗೂ ಪ್ರೀತಿಯಿದೆ. ಆದರೆ ಸಯನ್ಸ್ ಕನ್ನಡದಲ್ಲಿ ಆಗುವ ಕೆಲಸವಲ್ಲ."

ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಪ್ಲಸ್ ಟುವಿಗೆ ಹೋದ ಮೇಲೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ ಎಂಬುದು ದಿಟ. ಆದರೆ ಅಲ್ಲಿಗೆ ತಲುಪುವ ಮೊದಲು ಮಗು ನೋಡಲು, ಅಳೆಯಲು, "ಯಾಕೆ ಹೀಗೆ?" ಎಂದು ಕೇಳಲು ಕಲಿತಿರಬೇಕು. ಅದನ್ನು ಮಗು ಅಜ್ಜಿಯೊಡನೆ, ಅಪ್ಪನೊಡನೆ, ತನ್ನ ಮನೆಯ ಅಂಗಳದಲ್ಲಿ ಕಲಿಯಬಲ್ಲದು. ಕಳೆದ ಬೇಸಿಗೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ಕಾಪಿ ಬರೆಯುವ ರಜಾಕೆಲಸವನ್ನು ಕೈಬಿಟ್ಟು, ತಲಾ ಒಂದು ಕನ್ನಡ ಚಿತ್ರಪುಸ್ತಕವನ್ನೂ ಅದಕ್ಕೆ ಹೊಂದುವ ಒಂದು ಕೈಕೆಲಸವನ್ನೂ ಕೊಟ್ಟು ಕಳುಹಿಸಿದೆವು.

ಅವುಗಳಲ್ಲಿ ನೆರಳಿನ ಕೆಲಸವನ್ನು ತುಸು ವಿವರವಾಗಿ ಹೇಳಬೇಕು. ಪುಸ್ತಕ ಬಹಳ ಚಿಕ್ಕದು. ಬೆಳಗ್ಗೆ ಉದ್ದವಾಗಿದ್ದ ತನ್ನ ನೆರಳು ಮಧ್ಯಾಹ್ನ ಕುಗ್ಗಿದ್ದನ್ನು ಕಂಡು ಬೆರಗಾಗುವ ಮಗುವಿನ ಕಥೆ. ಪುಟಕ್ಕೆ ಒಂದೆರಡು ಸಾಲು, ಉಳಿದದ್ದೆಲ್ಲ ಚಿತ್ರ. ಇದರ ಜೊತೆಗೆ ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲು. ಅಡಿಕೆ ಒಣಹಾಕಿದ ಅಂಗಳದ ಒಂದು ಮೂಲೆಯಲ್ಲಿ ಅದನ್ನು ನೆಡಬೇಕು. ನೂಲಿಗೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೇರವಾಗಿದೆಯೇ ಎಂದು ನೋಡಬೇಕು. ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕಿ ಇಡಬೇಕು. ಸೂರ್ಯನನ್ನು ನೇರವಾಗಿ ನೋಡಕೂಡದು, ತಲೆಗೆ ಮುಟ್ಟಾಳೆಯಾದರೂ ಇರಬೇಕು ಎಂಬ ಎರಡು ಕಟ್ಟುಪಾಡುಗಳನ್ನು ಹಾಕಿದ್ದೆವು.

ಮೊದಲ ದಿನವೇ ಮಕ್ಕಳಿಗೆ ಒಂದು ತೊಡಕು ಎದುರಾಯಿತು. ಗಡಿಯಾರದಲ್ಲಿ ಹನ್ನೆರಡಾದರೂ ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಅತಿ ಗಿಡ್ಡ ನೆರಳು ಬಿದ್ದದ್ದು ಹನ್ನೆರಡೂವರೆಯ ಹೊತ್ತಿಗೆ. ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ಭೂಗೋಳ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಲೆಕ್ಕ ಸುಣ್ಣದ ಚುಕ್ಕಿಗಳಾಗಿ ಅಂಗಳದಲ್ಲಿ ಮೂಡಿತ್ತು.

ಬಿಸುವಿನ ಮಧ್ಯಾಹ್ನ ಆ ಕೋಲಿನ ನೆರಳು ಉತ್ತರಕ್ಕೆ ಸುಮಾರು ಐದು ಸೆಂಟಿಮೀಟರ್ ಇರುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಕುಗ್ಗುತ್ತಾ, ಏಪ್ರಿಲ್ 23ರ ಸುಮಾರಿಗೆ ಇಲ್ಲವೇ ಆಗುತ್ತದೆ. ಸೂರ್ಯ ಅಂದು ನಮ್ಮ ನೆತ್ತಿಯ ಮೇಲಿರುತ್ತಾನೆ. ಆಮೇಲೆ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇಷ್ಟು ವರ್ಷ ಅಂಗಳದಲ್ಲೇ ಓಡಾಡಿದ ಹಿರಿಯರೂ ಇದನ್ನು ಗಮನಿಸಿರಲಿಲ್ಲವೆಂದು ಹೇಳಿದರು. ಕೆಲವು ಮನೆಗಳಲ್ಲಿ ನೆರಳಿಲ್ಲದ ಕೋಲನ್ನು ನೋಡಲು ಅಕ್ಕಪಕ್ಕದವರೂ ನೆರೆದಿದ್ದರಂತೆ.

ಬಿಸುವಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ವಿಷು ಎಂದರೆ ಹಗಲು ಇರುಳು ಸಮವಾಗುವ ದಿನ. ಆದರೆ ಅವು ಸಮವಾಗುವುದು ಮಾರ್ಚ್ 20-21ರ ಹೊತ್ತಿಗೆ. ನಾವು ಕಣಿ ಕಾಣುವುದು ಏಪ್ರಿಲ್ 14 ಅಥವಾ 15ಕ್ಕೆ. ಭೂಮಿಯ ಅಕ್ಷ ಬುಗುರಿಯಂತೆ ಬಹು ನಿಧಾನವಾಗಿ ತೂಗುತ್ತಾ ಸುಮಾರು 26,000 ವರ್ಷಗಳಿಗೊಮ್ಮೆ ಸುತ್ತು ಮುಗಿಸುವುದರಿಂದ ಈ ಅಂತರ ಬೆಳೆಯುತ್ತಾ ಬಂದಿದೆ. ನಮ್ಮ ಶಾಲೆಯ ಆಯುಷ್ಯದಲ್ಲಿಯೇ ಅದು ಒಂದು ದಿನಕ್ಕಿಂತ ತುಸು ಹೆಚ್ಚಾಗಿದೆ. ಐದನೆಯ ತರಗತಿಯ ಮಕ್ಕಳಿಗೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಕೇಳಿದ ಮಗುವಿಗೆ ಹೇಳಬೇಕು, ಕೇಳದವರ ಮೇಲೆ ಹೇರಬಾರದು ಎಂಬುದು ನಮ್ಮ ನಿಲುವು.

ಎರಡನೆಯ ಜೋಡಿ ಚಿಟ್ಟೆಯದು. ಎರಿಕ್ ಕಾರ್ಲ್ ಅವರು 1969ರಲ್ಲಿ ರಚಿಸಿದ, ಪುಟಪುಟವನ್ನೂ ಕೊರೆಯುತ್ತ ಸಾಗುವ ಹಸಿದ ಕಂಬಳಿಹುಳದ ಪುಸ್ತಕ ಜಗತ್ತಿಗೆಲ್ಲ ಪರಿಚಿತ. ಅದನ್ನು ತೋರಿಸಿ, ಕನ್ನಡದಲ್ಲಿ ಕಥೆ ಹೇಳಿ, ಹಿತ್ತಿಲ ಕರಿಬೇವಿನ ಗಿಡವನ್ನು ದಿನವೂ ನೋಡಲು ಹೇಳಿದೆವು. ಪುಸ್ತಕದ ಹುಳ ಕೇಕು, ಐಸ್‌ಕ್ರೀಮುಗಳನ್ನೂ ತಿನ್ನುತ್ತದೆ; ಹಿತ್ತಿಲ ಹುಳ ತಿನ್ನುವುದು ಕರಿಬೇವಿನ ಎಲೆಯನ್ನು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ ಅದು ಬೆಳೆದ ಮೇಲೆ ಹಸಿರಾಗುತ್ತದೆ. ಪುಸ್ತಕದಲ್ಲಿ ಅದು ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಗಿಡದಲ್ಲಿ ಮಕ್ಕಳು ಕಂಡದ್ದು ಒಂದು ಎಳೆಯ ಆಧಾರದಲ್ಲಿ ಕಡ್ಡಿಗೆ ಆತುಕೊಂಡ ಬರಿಯ ಕೋಶ. "ಪುಸ್ತಕದಲ್ಲಿ ತಪ್ಪಿದೆ ಟೀಚರ್" ಎಂದು ಜೂನ್ ಒಂದರಂದು ಒಬ್ಬಳು ಬಂದು ಹೇಳಿದಾಗ ನಮ್ಮ ಶಿಕ್ಷಕಿಯರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಚ್ಚಾದುದನ್ನು ಕಣ್ಣಾರೆ ಕಂಡುದರೊಡನೆ ಹೋಲಿಸುವ ಧೈರ್ಯ ಅವಳಿಗೆ ಬಂದಿತ್ತು.

ಪುಸ್ತಕಗಳ ಆಯ್ಕೆಯ ಬಗ್ಗೆ ಒಂದು ಮಾತು. ಕೊನೆಯ ಪುಟದಲ್ಲಿ ನೀತಿ ಬೋಧಿಸುವ, ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುವ ಪುಸ್ತಕಗಳನ್ನು ನಾವು ಬದಿಗಿಟ್ಟೆವು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಮುಂತಾದವರ ಕನ್ನಡ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಹೊರತಂದ ಕಾಲಕ್ಕೆ ಅವರ ಪುತ್ತೂರೂ ನಮ್ಮ ಕಾಸರಗೋಡೂ ಒಂದೇ ಜಿಲ್ಲೆಯಲ್ಲಿದ್ದುವು. 1956ರಲ್ಲಿ ನಡುವೆ ಗಡಿ ಬಂತು. ಹೊಸ ಕನ್ನಡ ಪುಸ್ತಕಗಳು ತಾವಾಗಿ ಗಡಿ ದಾಟಿ ಬರುವುದಿಲ್ಲ, ಹೋಗಿ ತರಬೇಕು. ಬೆಂಗಳೂರು, ಮಂಗಳೂರುಗಳಲ್ಲಿ ನೆಲೆಸಿದ ಹಳೆವಿದ್ಯಾರ್ಥಿಗಳು ಊರಿಗೆ ಬರುವಾಗ ಸಿಹಿತಿಂಡಿಯ ಪೊಟ್ಟಣದೊಡನೆ ಎರಡು ಚಿತ್ರಪುಸ್ತಕಗಳನ್ನೂ ತರಬೇಕೆಂದು ಬಿನ್ನವಿಸುತ್ತೇವೆ.

ನಮ್ಮ ಮಕ್ಕಳಲ್ಲಿ ಮನೆಯಲ್ಲೂ ಕನ್ನಡವನ್ನೇ ಆಡುವವರು ಕಡಿಮೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಉಂಟು. ನೆರಳಿನ ಕೆಲಸ ಮುಗಿದ ಮೇಲೆ ತರಗತಿಯಲ್ಲಿ ಮನೆಮಾತಿನ ಪದವನ್ನು ಕೇಳಿದೆವು. ತುಳುವಿನ ಮಗು 'ನಿರೆಲ್' ಎಂದಿತು, ಮಲಯಾಳದ ಮಗು 'ನಿಳಲ್' ಎಂದಿತು. ಕಪ್ಪುಹಲಗೆಯ ಮೇಲೆ 'ನೆರಳು' ಪದದ ಪಕ್ಕದಲ್ಲಿ ಅವನ್ನು ಬರೆದಾಗ, ಮೂರೂ ಒಂದೇ ಮನೆಯವು ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯಿತು. ಪಠ್ಯಪುಸ್ತಕದ 'ದ್ಯುತಿಸಂಶ್ಲೇಷಣೆ' ಮನೆಯೊಳಗೆ ಹೋಗಲಾರದು. 'ನೆರಳು' ಹೋಗುತ್ತದೆ, ಹೋಗಿ ಅಜ್ಜಿಯನ್ನು ಮಾತಿಗೆಳೆಯುತ್ತದೆ.

ಈ ಬಾರಿ ಒಂದರಿಂದ ಏಳನೆಯ ತರಗತಿಯವರೆಗಿನ ಎಲ್ಲ ಮಕ್ಕಳಿಗೂ ಪುಸ್ತಕಗಳನ್ನು ಸಿದ್ಧಪಡಿಸಿದ್ದೇವೆ. ಪಕ್ಕದ ಕೊಠಡಿಯಲ್ಲಿ ತರಗತಿವಾರು ಜೋಡಿಸಿಟ್ಟಿದೆ. ಊಟ ಮುಗಿಸಿ ಹೊರಡುವ ಮುನ್ನ ಹೆತ್ತವರು ತಮ್ಮ ಮಗುವಿನ ಚೀಲವನ್ನು ಪಡೆದು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಕೋಲನ್ನು ಮನೆಯಲ್ಲೇ ಹುಡುಕಿಕೊಳ್ಳಬಹುದು.